ಹೆಪ್ಪು

ರಾತ್ರಿ ಎರಡೂಕಾಲು. ಮತ್ತೆ ಕುಸಿದು ಬಿತ್ತು.
ಒಂದೇ ಪ್ರೋಗ್ರಾಮಿನ ಸೂರಿನಡಿ ಎರಡು ಇಂಟರ್‌ಪ್ರಿಟರು,
ಗೋಡೆಯಾಚೆ ಒಂದು, ಗೋಡೆಯೀಚೆ ಒಂದು,
ಮಾತಿಲ್ಲ ಕತೆಯಿಲ್ಲ,
ಆದರೂ ಒಂದು ಸತ್ತರೆ ಇನ್ನೊಂದೂ ಸಾಯುತ್ತದೆ.
ಇರ್ಷಾದ್ ಫೋನಿನಲ್ಲಿ ಆಕಳಿಸುತ್ತಾನೆ:
"ಬೆಳಿಗ್ಗೆ ನೋಡೋಣ ಮೇಡಂ, ಸಾವಿರಕ್ಕೊಮ್ಮೆ ತಾನೆ ಬೀಳೋದು."

ಸಾವಿರಕ್ಕೊಮ್ಮೆ.
ಕೆ.ಆರ್. ಮೊಹಲ್ಲಾದ ನಮ್ಮ ವಠಾರದಲ್ಲೂ
ಜಗಳ ಸಾವಿರಕ್ಕೊಮ್ಮೆಯೇ ಆಗುತ್ತಿತ್ತು,
ಆ ಒಮ್ಮೆಯನ್ನು ಯಾರೂ ಇನ್ನೂ ಮರೆತಿಲ್ಲ.

ಆರು ಮನೆ, ಒಂದು ನಲ್ಲಿ, ನಲ್ಲಿಗೊಂದು ಬೀಗ.
ಬೀಗದ ಕೈ ದೇವಾಜಮ್ಮಣ್ಣಿಯವರ ಸೆರಗಿನ ಗಂಟಲ್ಲಿ.
ಅದು ಯಾರ ಕೈಗೆ ಬಂತೋ ನೀರು ಅವರಿಗೆ,
ಉಳಿದ ಐವರು ಬಿಂದಿಗೆಯ ಮೇಲೆ ಗದ್ದವೂರಿ ಕೂರಬೇಕು.
ನಿಧಾನ, ನಿಜ. ಆದರೆ ಯಾರ ಬಿಂದಿಗೆಯೂ ಉರುಳಲಿಲ್ಲ.
ಆಮೇಲೆ ಮನೆಗೊಂದು ನಲ್ಲಿ ಬಂತು, ಮನೆಗೊಂದು ಬೀಗ,
ಎಲ್ಲರೂ ಒಟ್ಟಿಗೇ ತಿರುಗಿಸಿದರು, ಖುಷಿಯೋ ಖುಷಿ.
ಮೇಲಿನ ತೊಟ್ಟಿ ಮಾತ್ರ ಇನ್ನೂ ಒಂದೇ ಎಂಬುದು
ಯಾರಿಗೂ ಹೊಳೆಯಲಿಲ್ಲ.

ಪರದೆಯ ಮೇಲೆ ಹದಿನಾರಂಕಿಯ ವಿಳಾಸ.
ಪಾಪ, ಇದನ್ನೇ ನಂಬಿ ಹೋಗಿತ್ತು ಎರಡನೆಯದು.
ಅವ್ವನೂ ಹೀಗೇ ಒಮ್ಮೆ, ಮೂಲೆಮನೆ ಲೀಲಾವತಿ
"ಒರಳು ಹಿತ್ತಿಲಲ್ಲೇ ಇರ್ತದೆ, ಯಾವಾಗ ಬೇಕಾದ್ರೂ ರುಬ್ಕೊಳ್ಳಿ" ಎಂದದ್ದಕ್ಕೆ
ನೆನೆದ ಉದ್ದು ಹೊತ್ತು ಹೋದಳು.
ಲೀಲಾವತಿ ಮನೆ ಖಾಲಿ ಮಾಡಿ ಆಗಲೇ ಮೂರು ದಿನ.
ಒರಳಿದ್ದ ಜಾಗದಲ್ಲಿ ಹೊಸಬರ ನಾಯಿ.
ಅಂದಿನಿಂದ ಅವ್ವನದೊಂದು ಗಾದೆ:
ಎಲ್ಲಿದೆ ಅಂತ ಹೇಳ್ಬೇಡ, ಇದ್ರೆ ಕೊಡು.

ಎದುರುಮನೆ ಸಿಂಗಾರಮ್ಮ ಕೊಡುವ ರೀತಿಯೇ ಬೇರೆ.
ಜಗಲಿಯ ಮೇಲೆ ದೊನ್ನೆಯಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು,
"ನಾನು ಬಿಟ್ಟೆ, ಈಗ ತಗೊ" ಎನ್ನುವರು.
ಒಂದು ವಸ್ತುವಿನ ಮೇಲೆ ಒಂದೇ ಗಳಿಗೆಯಲ್ಲಿ
ಎರಡು ಮನೆಯ ಕೈ ಇರಕೂಡದು.
ಏಳು ವರ್ಷದವಳಿಗೆ ಅದು ಯಾಕೆಂದು ತಿಳಿದ ದಿನ
ದೊನ್ನೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ.
ಕೋಸಂಬರಿಗೆ ಇರುವೆ ಮುತ್ತಿತು.

ಈಗ ನಲವತ್ತೊಂದು ನನಗೆ. ಅದನ್ನೇ ಬರೆಯುತ್ತಿದ್ದೇನೆ ಕೋಡಿನಲ್ಲಿ:
ಇಡು. ಬಿಡು. ಸರಿ. ಆಮೇಲೆ ಅದು ಮುಟ್ಟಲಿ.
ಯಂತ್ರಕ್ಕೆ ಅವಮಾನವಿಲ್ಲ, ಒಪ್ಪಿದೆ.
ನನಗಿದೆಯಲ್ಲ.
ಅಳಿಸಲಿಲ್ಲ. ಅಳಿಸಿದರೆ ಮತ್ತೆ ಬೀಳುತ್ತದೆ.

ಕೆಲವನ್ನು ಹಂಚುವ ಗೋಜೇ ಇಲ್ಲ:
ಹೌದು, ಅಲ್ಲ, ಏನೂ ಇಲ್ಲ.
ಸಾವಿಲ್ಲದ ವಸ್ತುಗಳು,
ಆರೂ ಮನೆಯ ತಾರಸಿಗೆ ಕಾಣುವ ಚಾಮುಂಡಿಬೆಟ್ಟದ ದೀಪದಂತೆ;
ಎಷ್ಟು ಜನ ನೋಡಿದರೆಂದು ಬೆಟ್ಟ ಲೆಕ್ಕವಿಡುವುದಿಲ್ಲ.

ಮಿಕ್ಕದ್ದಕ್ಕೆ ನೆನಪಾದದ್ದು ಒಂದು ಮಾಗಿಯ ರಾತ್ರಿ.
ವಠಾರವೆಲ್ಲ ಮಲಗಿದ ಮೇಲೆ
ನಮ್ಮ ಹಿತ್ತಲ ಬಾಗಿಲು ತಟ್ಟಿದವರು ಸಿಂಗಾರಮ್ಮ.
"ಇದ್ದ ಮೊಸರೂ ಕೆಟ್ಟುಹೋಯ್ತು ಕಣೇ, ನಾಳೆ ದ್ವಾದಶಿ,
ಒಂದು ಚಮಚ ಹೆಪ್ಪು ಕೊಡ್ತೀಯಾ? ಯಾರಿಗೂ ಹೇಳ್ಬೇಡ."
ಅವ್ವ ಕೊಟ್ಟಳು. ಕತ್ತಲಲ್ಲಿ ಜಗಲಿ ಎಲ್ಲಿಂದ ಬರಬೇಕು?
ಲೋಟದ ಮೇಲೆ ಒಂದು ಗಳಿಗೆ ಎರಡು ಮನೆಯ ಬೆರಳಿದ್ದವು.
ನಾನು ಚಾಪೆಯಿಂದ ನೋಡಿದೆ.

ನಮ್ಮ ಗಡಿಗೆಯಲ್ಲಿ ಕಡಿಮೆಯೇನೂ ಆಗಲಿಲ್ಲ.
ಅವರ ಹಾಲಿನಲ್ಲಿ, ಅವರ ಪಾತ್ರೆಯಲ್ಲಿ,
ಅವರದೇ ಮೊಸರಾಗಿ ಬೆಳಗಾಯಿತು.
ಮುಂದೆ ನಾವು ವಠಾರ ಬಿಟ್ಟೆವು. ಗಡಿಗೆ ಒಡೆಯಿತು.
ಅವರ ಮೊಸರಿಗೆ ಅದು ತಿಳಿಯಲೇ ಇಲ್ಲ.

ಬರೆದೆ ಹಾಗೇ: ದೊಡ್ಡದಿದ್ದರೆ ಜಗಲಿಯ ಮೇಲಿಡು,
ಚಿಕ್ಕದಿದ್ದರೆ ಹೆಪ್ಪು ಕೊಟ್ಟು ಮರೆತುಬಿಡು.

ನಾಲ್ಕೂಐವತ್ತು. ಹಾಲಿನವನ ಸೈಕಲ್ಲು.
ಒಂಬೈನೂರ ತೊಂಬತ್ತೆಂಟು, ಒಂಬತ್ತು,
ಸಾವಿರ. ಬೀಳಲಿಲ್ಲ.
ಇರ್ಷಾದನಿಗೆ ಫೋನು ಮಾಡಲೇ?
ಬೇಡ. ಸಾವಿರದೊಂದನೆಯದು ಇನ್ನೂ ನಡೆಯುತ್ತಿದೆ.