ಹನ್ನೊಂದನೆಯ ಕಾಲಂ

ಮಾರ್ಚ್ ಮುಗಿಯುತ್ತ ಬಂತು. ಎಮಯೊಗಿ ಹೊಳೆಯ ಮೇಲೆ
ಮಂಜುಗಡ್ಡೆ ಇನ್ನೂ ಒಪ್ಪಿಕೊಂಡಿಲ್ಲ ಸೋಲು.
ತಾರ್ತುವಿನ ಈ ಕೋಣೆಯಲ್ಲಿ ನಾವು ಮೂವರು,
ಇನ್ನೂರ ಆರು ಅರ್ಜಿ, ಒಂಬತ್ತು ಸೀಟು,
ಆರಿಹೋದ ಕಾಫಿ.

ನಿನ್ನದು ನೂರಾ ನಲವತ್ತೇಳು, ಝನ್ನಾ ಲೊಬಾನೊವಾ,
ನಾರ್ವಾದವಳು, ರಷ್ಯನ್ ಮನೆಮಾತು.
ನಿನ್ನ ಅಜ್ಜ ಯಾವ ಕಡೆಯವನೋ,
ಕೇಳುವ ಕಾಲಂ ಈಗಿಲ್ಲ.
ಹದಿನಾಲ್ಕು ವಿಭಕ್ತಿಯ ನಮ್ಮ ಭಾಷೆಯಲ್ಲಿ
ನಾಲ್ಕು ಕಡೆ ಎಡವಿದ್ದೀ,
ವಿಭಕ್ತಿ ತಪ್ಪಿದಲ್ಲೂ ವಾದ ತಪ್ಪಿಲ್ಲ.
ಆದರೆ ಹನ್ನೊಂದು: ಓದು ನಿಂತ ವರ್ಷಗಳಿದ್ದರೆ ಕಾರಣ ಕೊಡಿ.
ಅಲ್ಲಿ ಬೆಳ್ಳಗೆ, ಬರೀ ಬೆಳ್ಳಗೆ.

"ಅಪೂರ್ಣ ಅರ್ಜಿ ಪರಿಗಣಿಸತಕ್ಕದ್ದಲ್ಲ.
ನಿಯಮ ನಾಲ್ಕು," ಅನ್ನುತ್ತಾನೆ ತರ್ಮೊ.
ಒಳ್ಳೆಯ ಹುಡುಗ, ನನ್ನದೇ ವಿದ್ಯಾರ್ಥಿ.
ಆ ನಿಯಮ ಬರೆದವಳೂ ನಾನೇ.

ಅರವತ್ತಾರರಲ್ಲಿ, ನನಗೆ ಹದಿನೆಂಟು.
ಆ ಕಾಲಂ ಎಷ್ಟನೆಯದೋ, ಸಂಖ್ಯೆ ಮರೆತಿದೆ.
ಗಡೀಪಾರಾದ ಬಂಧುಗಳು ಇದ್ದಾರೆಯೇ?
ನಲವತ್ತೊಂಬತ್ತರ ಮಾರ್ಚಿನ ರಾತ್ರಿ ಅಪ್ಪ ಅಮ್ಮನನ್ನು
ದನದ ವ್ಯಾಗನ್ನಿಗೆ ಏರಿಸಿದಾಗ ನಾನು ವರುಷದ ಕೂಸು,
ನಾಯಿಕೆಮ್ಮೆಂದು ಚಿಕ್ಕಮ್ಮನ ಮನೆಯಲ್ಲಿ.
ಹೌದು ಅಂದರೆ ಬಾಗಿಲು ಮುಚ್ಚುತ್ತದೆ,
ಇಲ್ಲ ಅಂದರೆ ಬಾಯಿ.
ಖಾಲಿ ಬಿಟ್ಟೆ.

ಕೌಂಟರಿನ ಹೆಂಗಸು, ನೆಗಡಿಗೆ ಕೆಂಪಾದ ಮೂಗು,
ಕಾಗದ ನೋಡಿದಳು, ಮುಖ ನೋಡಿದಳು,
ತನ್ನದೇ ಪೆನ್ನಿನಿಂದ ಅಲ್ಲೊಂದು ಅಡ್ಡಗೆರೆ ಎಳೆದು
"ಮುಂದಿನವರು" ಎಂದಳು.

ಆ ಗೆರೆಯ ಮೇಲೆ ನಡೆದೇ ನಾನು
ಪದವಿ, ಪ್ರಬಂಧ, ಪ್ರೊಫೆಸರಿಕೆ ದಾಟಿದ್ದು,
ಹೆಪ್ಪುಗಟ್ಟಿದ ಹೊಳೆ ದಾಟುವವರ ಹಾಗೆ,
ಕೆಳಗಿನ ನೀರಿನ ಸದ್ದಿಗೆ ಕಿವಿಗೊಡದೆ.

ಇಪ್ಪತ್ತು ವರ್ಷ ಭೂಕಾನೂನು ಪಾಠ ಹೇಳಿದೆ:
ನೆಲವೆಲ್ಲ ಪ್ರಭುತ್ವದ್ದು, ಉತ್ತವನಿಗೆ ಬಳಕೆ ಮಾತ್ರ.
ಅಪ್ಪನ ಹೊಲದ ಗಡಿಕಲ್ಲು ನಾಲಗೆಯಡಿ ಇತ್ತು.
ಒಂದು ಆಗಸ್ಟಿನಲ್ಲಿ ದೇಶ ಹಿಂತಿರುಗಿತು,
ನನ್ನ ಪುಸ್ತಕ ಸತ್ತಿತು.
ಗುಜರಿಯವನೂ ತೂಕಕ್ಕೆ ಕೊಸರಾಡಿದ.
ನಲವತ್ತಮೂರಕ್ಕೆ ಜರ್ಮನ್ ನಿಘಂಟು ತೊಡೆಯ ಮೇಲಿಟ್ಟು
ಮತ್ತೆ ಅಆಇಈ: ಒಡೆಯ, ಒಡೆತನ, ಒಡೆದ ಮನೆಯ ಪಾಲು.
ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಕಲಿಸಿದೆ.
ಹುಡುಗರು ಬರೆದುಕೊಂಡರು. ಪಾಪ, ನಂಬಿದರು.

ಕಲಮುಗಳು ಬದಲಾದವು, ಕಾಲ ಬದಲಾಯಿತು,
ಕಾಲಂ ಮಾತ್ರ ಹಾಗೇ ಕೂತಿದೆ ಬಾಯಿ ತೆರೆದು.

ಉಳಿದ ಇನ್ನೂರ ಐದು ಜನ ತುಂಬಿದ್ದಾರಲ್ಲ, ಝನ್ನಾ?
ಒಬ್ಬ ಕ್ಷಯ ಅಂತ ಬರೆದಿದ್ದಾನೆ, ಒಬ್ಬಳು ಅವಳಿ ಮಕ್ಕಳು,
ಒಬ್ಬ ಪ್ರಾಮಾಣಿಕ, ಸೋಮಾರಿತನ.
ಅವರಿಗೆ ನಾನೇನು ಹೇಳಲಿ?

ಪೆನ್ನು ಕೈಗೆ ಬರುತ್ತದೆ, ಅರ್ಜಿಯೋ ತೆರೆಯ ಮೇಲಿದೆ.
ಯಾರು, ಯಾವಾಗ, ಏನು ಮುಟ್ಟಿದರೆಂದು
ಯಂತ್ರ ನಿಮಿಷ ಸಮೇತ ಬರೆದಿಡುತ್ತದೆ.
ನಮ್ಮ ಕಾಲದ ಗೂಢಚಾರರಿಗೂ ಇಷ್ಟು ಶ್ರದ್ಧೆ ಇರಲಿಲ್ಲ.

ತರ್ಮೊ ಕೋಟು ತೊಡುತ್ತ ಕೇಳುತ್ತಾನೆ: "ಇದನ್ನು ತೆಗೆಯೋಣವೇ?"
ನಾಳೆ, ಅಂದೆ.

ಎಲ್ಲರೂ ಹೋದ ಮೇಲೆ ನಿಯಮ ನಾಲ್ಕನ್ನು ಓದಿದೆ,
ಯಾರೋ ಬರೆದದ್ದೆಂಬಂತೆ.
ಅಭ್ಯರ್ಥಿಗೆ ಫೋನು ಮಾಡಬಾರದೆಂದು ಎಲ್ಲೂ ಇಲ್ಲ.
ಮಾಡಬಹುದೆಂದೂ ಇಲ್ಲ.

ನಾರ್ವಾದಲ್ಲಿ ಗಂಟೆ ಹೊಡೆಯುತ್ತಿದೆ.
ಎಲ್ಲಿದ್ದೆ ಎಂದು ಕೇಳುವುದಿಲ್ಲ.
ಒಂದು ಗೆರೆ ಸಾಕು, ಅಡ್ಡಗೆರೆ,
ನಿನ್ನ ಕೈಯಿಂದಲೇ, ಇವತ್ತು ರಾತ್ರಿಯೊಳಗೆ.
ಎತ್ತಿಕೋ ಹುಡುಗಿ.
ಐದು. ಆರು.
ಕಿಟಕಿಯಾಚೆ ಹೊಳೆಯಲ್ಲಿ
ಏನೋ ಬಿರಿದ ಸದ್ದು.