ಇತರೆ

ಇಪ್ಪತ್ತಾರು ವರ್ಷ ಈ ಕಚೇರಿಯಲ್ಲಿ
ನಮೂನೆ ತುಂಬಿಸಿದವಳು ನಾನು.
ತಾರ್ತುವಿನ ನವೆಂಬರ್, ಮೂರೂವರೆಗೇ ದೀಪ.
ಪಿಎಚ್‌.ಡಿ. ಅರ್ಜಿಯಲ್ಲಿ ಮೂರು ಚೌಕ:
ಪ್ರಕಟಣೆ ಒಂದು, ಪ್ರಕಟಣೆ ಎರಡು, ಪ್ರಕಟಣೆ ಮೂರು.
ಕೆಳಗೆ, ಹಾಳೆ ಮುಗಿಯುವಲ್ಲಿ,
ಬಾಗಿಲ ಹೊರಗೆ ಬಿಟ್ಟ ಕೆಸರು ಬೂಟಿನ ಹಾಗೆ,
‘ಇತರೆ’.

ತೂಲಿ ಪಿಹ್ಲಕಸ್ ಎರಡು ತುಂಬಿಸಿದ್ದಳು.
ತೂಲಿ ಎಂದರೆ ನಮ್ಮ ಭಾಷೆಯಲ್ಲಿ ಗಾಳಿ.
ಗಾಳಿ ಬಂದಾಗ ತೂರಿಕೊಳ್ಳಬೇಕು, ನಿಜ;
ಗಾಳಿಯೇ ಬಂದು ಕುರ್ಚಿಯ ತುದಿಯಲ್ಲಿ ಕೂತರೆ?

‘ನಾಲ್ಕು ವರ್ಷ ಏನು ಮಾಡಿದೆ ಮಗು?’
‘ಜರಡಿ’ ಎಂದಳು.

ಜೌಗುನೆಲ ಕೊರೆದು ತೆಗೆದ ಕಪ್ಪು ಮಣ್ಣು,
ಅದರೊಳಗೆ ಏಳು ಸಾವಿರ ವರ್ಷದ ಪರಾಗ.
ಹಿಂದೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು
ಬರ್ಚ್ ಒಂದು, ಪೈನ್ ಎರಡು, ಆಲ್ಡರ್ ಮೂರು ಎಂದು
ಕತ್ತು ಹಿಡಿದುಹೋಗುವ ತನಕ ಎಣಿಸುತ್ತಿದ್ದರು.
ಅವಳು ಬರೆದ ಪ್ರೋಗ್ರಾಮು
ಕಾಫಿ ಆರುವಷ್ಟರಲ್ಲಿ ಎಣಿಸಿ ಮುಗಿಸುತ್ತದೆ.
ಹೆಸರು ಜರಡಿ. ಆಕಾಶದ ಕೃತ್ತಿಕೆಯನ್ನೂ
ನಾವಿಲ್ಲಿ ಜರಡಿಯೆಂದೇ ಕರೆಯುವುದು.

ವಿಲ್ನಿಯಸ್‌ನವರು ಬಳಸಿದರು, ವಾಲ್ದಿವಿಯಾದವರು ಬಳಸಿದರು,
ಕೆಟ್ಟಾಗ ನಡುರಾತ್ರಿ ಅವಳಿಗೇ ಬರೆದರು.
ಅವರ ಲೇಖನಗಳನ್ನು ತಂದು ತೋರಿಸಿದಳು:
‘ಕಣಗಳನ್ನು ಎಣಿಸಲಾಯಿತು.’
ಹನ್ನೊಂದು ಲೇಖನ, ಹನ್ನೊಂದರಲ್ಲೂ ‘ಎಣಿಸಲಾಯಿತು’.
ಕರ್ಮಣಿ ಪ್ರಯೋಗ ಎಷ್ಟು ಸಭ್ಯ ನೋಡಿ,
ಕೆಲಸ ಉಳಿಸಿಕೊಂಡು
ಕೆಲಸದವಳನ್ನು ಮನೆಗೆ ಕಳಿಸುತ್ತದೆ.
ಒಂದರಲ್ಲಿ ಮಾತ್ರ, ಕೊನೆಗೆ, ಕೃತಜ್ಞತೆ;
ಸಂಸ್ಥೆಯ ಜೀಪಿನ ಚಾಲಕನಿಗೂ ಅವಳಿಗೂ ಒಂದೇ ವಾಕ್ಯ.
ಚಾಲಕನ ಹೆಸರು ಸರಿಯಾಗಿತ್ತು.

ಪ್ರೊಫೆಸರ್ ಕೂಸ್‌ಮಾ ಕೆಟ್ಟವರಲ್ಲ.
‘ಅದು ಉಪಕರಣ ಕಣಮ್ಮ. ಸೂಕ್ಷ್ಮದರ್ಶಕದ ಗಾಜು ತಿಕ್ಕಿದವನಿಗೆ
ಡಾಕ್ಟರೇಟ್ ಕೊಟ್ಟಿದ್ದೇವೆಯೇ?’
ಕೊಡಬೇಕಿತ್ತೇನೋ, ಅಂದುಕೊಂಡೆ; ಅನ್ನಲಿಲ್ಲ.
ನನ್ನ ಕೆಲಸ ಠಸ್ಸೆ ಒತ್ತುವುದು.

ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಯಾರೋ ದಾರಿ ಹೇಳಿಕೊಟ್ಟರು:
ಜರಡಿಯ ಬಗ್ಗೆ ನಾಲ್ಕು ಪುಟ ಬರೆ, ಪತ್ರಿಕೆಗೆ ಕಳಿಸು.
ಪ್ರೋಗ್ರಾಮು ಪ್ರಕಟಣೆಯಲ್ಲ,
ಪ್ರೋಗ್ರಾಮು ಇದೆ ಎಂದು ಹೇಳುವುದು ಪ್ರಕಟಣೆ.
ಬಾವಿ ತೋಡಿದ್ದಕ್ಕಲ್ಲ, ಬಾವಿಯ ಚಿತ್ರ ಬರೆದದ್ದಕ್ಕೆ ಕೂಲಿ.
ನಾಲ್ಕು ವರ್ಷಕ್ಕೆ ನಾಲ್ಕು ಪುಟದ ರಶೀದಿ,
ಅದರಲ್ಲಿ ಎರಡನೆಯ ಹೆಸರು ಪ್ರೊಫೆಸರರದು,
ಜರಡಿಯನ್ನು ಒಮ್ಮೆಯೂ ತೆರೆಯದವರದು.
ತೂಲಿ ನಕ್ಕಳು. ನಗದೆ ಏನು ಮಾಡಿಯಾಳು,
ಮೂರನೆಯ ಚೌಕ ತುಂಬಿತಲ್ಲ.

ಪ್ರಬಂಧ ಸಮರ್ಥಿಸುವ ದಿನ
ವಿಲ್ನಿಯಸ್‌ನಿಂದ ಬಂದ ಎದುರಾಳಿ, ಯೂರ್ಗಾ ಎಂಬಾಕೆ,
ಕನ್ನಡಕ ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ
ಪ್ರಬಂಧದ ಮೇಲಲ್ಲ:
‘ಮುನ್ನೂರ ಹನ್ನೆರಡನೇ ಸಾಲಿನಲ್ಲಿ
ಮುದುಡಿದ ಆಲ್ಡರ್ ಕಣವನ್ನು ಬರ್ಚ್ ಎಂದು ಎಣಿಸುತ್ತೀರಿ. ಯಾಕೆ?’
ಸಭೆ ತಣ್ಣಗಾಯಿತು.
ತೂಲಿಯ ಮುಖ ಮಾತ್ರ ಅರಳಿತು.
ತಪ್ಪು ಹಿಡಿದರೆಂದರೆ
ಓದಿದ್ದಾರೆ ಎಂದು ತಾನೆ.
ಮುಕ್ಕಾಲು ಗಂಟೆ ಇಬ್ಬರೂ ಆ ಒಂದೇ ಸಾಲಿನ ಮೇಲೆ.
ಕೂಸ್‌ಮಾ ಗಡಿಯಾರ ನೋಡಿಕೊಂಡರು,
ಆಮೇಲೆ ನೋಡುವುದು ಬಿಟ್ಟರು.

ಪದವಿ ಸಿಕ್ಕಿತು, ನಿಯಮದ ಪ್ರಕಾರ.
ಎಲ್ಲರೂ ಕೇಕು ತಿನ್ನಲು ಹೋದ ಮೇಲೆ
ಕಡತ ತೆರೆದು, ಯಾರೂ ಓದದ ಆ ಕೊನೆಯ ಕಾಲಮ್ಮಿನಲ್ಲಿ
ಟೈಪು ಮಾಡಿದೆ:
ಪರಾಗ ಎಣಿಸುವ ಜರಡಿಯನ್ನು ಕಟ್ಟಿದವಳು ತೂಲಿ ಪಿಹ್ಲಕಸ್.
‘ಇತರೆ’ಗೆ ನಮ್ಮ ಕಂಪ್ಯೂಟರು ಕೊಡುವುದು ಇಪ್ಪತ್ತೇ ಅಕ್ಷರ,
ನಡುವಿನ ಜಾಗವೂ ಲೆಕ್ಕಕ್ಕೆ.
ತೆರೆಯ ಮೇಲೆ ಉಳಿದದ್ದು:
ಪರಾಗ ಎಣಿಸುವ ಜರಡಿಯನ್ನು ಕಟ್ಟಿದವಳು
ಯಾರು? ಮತ್ತೆ ಹೊರಗೆ.

ಅಳಿಸಿದೆ. ವ್ಯಾಕರಣ ಹಾಳಾಗಲಿ ಎಂದು
ಈ ಸಲ ಹೆಸರಿನಿಂದಲೇ ಶುರು ಮಾಡಿದೆ.
ಅದೂ ತುಂಡಾಯಿತು. ಹಾಗೇ ಬಿಟ್ಟು ಠಸ್ಸೆ ಒತ್ತಿದೆ:
ತೂಲಿ ಪಿಹ್ಲಕಸ್ ಕಟ್ಟಿದಳು ಪರಾಗ ಎಣಿಸು