ಎರಡು ಕೀಲಿಯ ಕಪಾಟು

ಕಪಾಟಿಗೆ ಎರಡು ಕೀಲಿ.
ಒಂದರ ಕೀಲಿಕೈ ನನ್ನ ಸೊಂಟದಲ್ಲಿ,
ಇನ್ನೊಂದು ಡಾಕ್ಟರ್ ಕುಲಗೋಡರ ಜೇಬಿನಲ್ಲಿ.
ಅವರು ಬೆಳಗಾವಿಗೆ ಮೀಟಿಂಗಿಗೆ ಹೋದ ದಿನ
ನೋವೂ ರಜೆ ಹಾಕಬೇಕು.

ಒಳಗೇನಿದೆ ಅಂತೀರಿ?
ಬಿಳಿ ಗುಳಿಗೆ, ತೊಗರಿಬೇಳೆಯಷ್ಟು,
ಒಂದಕ್ಕೆ ಅರ್ಧ ಕಪ್ ಚಹಾದ ರೊಕ್ಕವೂ ಇಲ್ಲ.
ಕಪಾಟು ಹದಿನಾಲ್ಕು ಸಾವಿರ,
ಗೋಡೆ ಕೊರೆದು ಕೂರಿಸಿದ ಕೂಲಿ ಬೇರೆ.
ಪರವಾನಗಿಯ ಫೈಲು ಟೇಬಲ್ಲಿಂದ ಟೇಬಲ್ಲಿಗೆ ತೆವಳಿದ ಎರಡು ವರ್ಷಕ್ಕೆ
ಯಾರೂ ಬಿಲ್ಲು ಮಾಡಲಿಲ್ಲ.
ಆ ಎರಡು ವರ್ಷ ನವನಗರದ ಸೆಕ್ಟರುಗಳಲ್ಲಿ
ರಾತ್ರಿ ಯಾರು ಯಾರು ಗೋಡೆಗೆ ಹಣೆ ಜಜ್ಜಿಕೊಂಡರೋ,
ರಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.

ನಿಯಮವನ್ನು ಬೈಯುವುದು ಸುಲಭ. ನನಗೆ ಬಾಯಿ ಬರುವುದಿಲ್ಲ.
ಹಳೇ ಊರಲ್ಲಿ ನಮ್ಮದೇ ಔಷಧದಂಗಡಿ ಇತ್ತು,
ಚೀಟಿ ಕೇಳದೆ ನಿದ್ದೆಗುಳಿಗೆ ಕೊಡುತ್ತಿದ್ದ ನಮ್ಮಣ್ಣ.
ಹಿಂದಿನ ಗಲ್ಲಿಯ ಇಸಾಕ್, ಹತ್ತೊಂಬತ್ತು ತುಂಬಿರಲಿಲ್ಲ,
ಹಿನ್ನೀರಿನ ದಂಡೆಗೆ ಸಿಕ್ಕ.
ಜೇಬಿನಲ್ಲಿ ನಮ್ಮ ಅಂಗಡಿಯ ಖಾಕಿ ಪಾಕೀಟು, ಒದ್ದೆ,
ಹೆಸರು ಮಾತ್ರ ಅಳಿಸಿರಲಿಲ್ಲ.
ಮರುದಿನವೂ ಒಂಬತ್ತಕ್ಕೆ ಅಣ್ಣ ಬಾಗಿಲು ತೆಗೆದ.
ಅದಕ್ಕೇ ನಾನು ಎರಡೆರಡು ಸಲ ಎಣಿಸುತ್ತೇನೆ.

ಶಾಂಕವ್ವ ಬರುತ್ತಿದ್ದದ್ದು ಬುಧವಾರಕ್ಕೊಮ್ಮೆ, ಗುಳೇದಗುಡ್ಡದಿಂದ.
ಗಂಡ ಮಾಗುಂಡಪ್ಪ, ಖಣ ನೇಯುವವ,
ಗಂಟಲಲ್ಲಿ ಗಡ್ಡೆ.
'ಅಕ್ಕಾರ, ಒಮ್ಮಿಗೇ ತಿಂಗಳದ್ದು ಕೊಟ್ರ ಏನಾಕ್ಕೈತ್ರೀ?
ಬಸ್ಸು ನಂಗ ಪುಕ್ಕಟ್ಟ, ಖರೆ.
ಅವರ ಹತ್ರ ಕುಂತಾಕಿಗಿ ಕೂಲಿ ಯಾರು ಕೊಡ್ತಾರ?
ಮಗ್ಗ ನಿಂತ್ರ ಎರಡು ಖಣ ಹೋದ್ವು.'
ಅವರೂರಿನ ಅಂಗಡಿಯವರಿಗೂ ಹೇಳಿ ನೋಡಿದ್ದೆ.
'ಬ್ಯಾಡ್ರಿ ಮೇಡಂ, ಆ ಉಸಾಬರಿ.
ಒಂದು ಗುಳಿಗಿ ಲೆಕ್ಕ ತಪ್ಪಿದ್ರ ಜಾಮೀನೂ ಸಿಗೂದಿಲ್ಲಂತ.'
ನಾನು ಎಂಟು ದಿನದ್ದೇ ಎಣಿಸಿದೆ.
ಆಕೆ ಸಹಿ ಮಾಡಿದಳು, ಶಾ ದೊಡ್ಡದು, ಕವ್ವ ಸಣ್ಣದು.

ಒಂದು ಸೋಮವಾರ ಬಂದಳು.
ಬುಧವಾರದ ಹೆಂಗಸು ಸೋಮವಾರ ಬಂದರೆ
ಕೇಳಬೇಕಾದ್ದಿಲ್ಲ.
ಖಣದ ತುಂಡಿನ ಗಂಟು ಬಿಚ್ಚಿ ಕೌಂಟರಿನ ಮೇಲೆ ಸುರಿದಳು.
'ಹನ್ನೊಂದು ಉಳದಾವ್ರಿ. ಎಣಿಸ್ಕೋರಿ.
ಮನ್ಯಾಗ ಇಟ್ಕೊಂಡ್ರ ಪೊಲೀಸ್ರು ಬರ್ತಾರಂತ ಮಂದಿ ಅಂತಾರ.'

ಎಣಿಸಿದೆ. ಹತ್ತು ಇಡೀ, ಎರಡು ಅರ್ಧ.
ಉಳಿಯಬಾರದಿತ್ತು.
ನಾನು ಕೊಟ್ಟ ಲೆಕ್ಕಕ್ಕೆ
ಅವನು ಸತ್ತ ರಾತ್ರಿಗೆ ಮೂರು ಉಳಿಯಬೇಕು.
ಮುಖ ನೋಡಿದೆ.
'ಹೋದ ಸಲ ಡಾಕ್ಟರ್ ಊರಾಗ ಇರಲಿಲ್ಲಲ್ರಿ,
ಹಂಗ ಬರಿಗೈಲೆ ಹೋದೆ. ಎರಡು ದಿನ ಅವರು...
ಮತ್ತ ಹಂಗಾದ್ರ ಅಂತ, ಅರ್ಧರ್ಧ ಕೊಟ್ಟು ಎತ್ತಿಟ್ಟಿದ್ದೆ.
ಕೇಳ್ತಿದ್ರು ಅವರು. ಇನ್ನೊಂದ್ ಅರ್ಧ ಕೊಡು ಅಂತಿದ್ರು.'

ಹಿಂದಕ್ಕೆ ಬಂದ ಗುಳಿಗೆಯನ್ನು ಕಪಾಟಿನಲ್ಲಿ ಇಡುವಂತಿಲ್ಲ,
ಮತ್ತೊಬ್ಬರಿಗೆ ಕೊಡುವಂತಿಲ್ಲ, ಬಿಸಾಕುವಂತಿಲ್ಲ.
ಲಕೋಟೆಗೆ ಹಾಕಿ ಅರಗು ಒತ್ತಿ ಪತ್ರ ಬರೆದೆ.
ನಲವತ್ತು ದಿನಕ್ಕೆ ಜೀಪು ಬಂತು.
ಮೂವರು, ಒಬ್ಬ ಡ್ರೈವರು, ಒಂದು ಕ್ಯಾಮೆರಾ.
ಅವತ್ತು ವಾರ್ಡಿನಲ್ಲಿ ಒಂಬತ್ತನೇ ಬೆಡ್ಡಿನವಳು
ಬೆಳಗಿನಿಂದ ನರಳುತ್ತಿದ್ದಳು.
ಕೀಲಿಕೈ ಇದ್ದ ಡಾಕ್ಟರು ಪಂಚನಾಮೆಗೆ ಕೂತಿದ್ದರು.

ಬಕೆಟ್ಟಿಗೆ ನೀರು, ಸಾಬೂನಿನ ಪುಡಿ.
ಒಂದೊಂದೇ ಎಣಿಸಿ ಹಾಕಿದರು, ಫೋಟೋ ತೆಗೆದರು.
ಕೊನೆಗೆ ಉಳಿದ ಎರಡು ತುಂಡನ್ನು
ಅಂಗೈ ಮೇಲೆ ಹೊರಳಿಸಿ ಸಾಹೇಬರು ಕೇಳಿದರು:
'ಇದೇನಿದು? ಅರ್ಧ ಮಾಡಿದವರು ಯಾರು?'

ರಿಮಾರ್ಕ್ಸ್ ಕಾಲಮ್ಮಿನ ಮೇಲೆ ನನ್ನ ಪೆನ್ನು ನಿಂತಿತ್ತು.
ತುಂಡಿನ ಅಂಚು ಸಾಪಾಗಿತ್ತು,
ಪುಡಿ ಉದುರದ ಹಾಗೆ ಕೊಯ್ದಿದ್ದರು,
ಎಳೆ ಕತ್ತರಿಸುವ ಕತ್ತರಿಯಲ್ಲಿ.